ಐದು ಡಾಲರಿನ ಪಾಠ

ಕೆಲವು ತಿಂಗಳ ಹಿಂದೆ ಮೈಸೂರಿನಲ್ಲಿ ನಮ್ಮ ಗಿಟಾರ್ ಮೇಷ್ಟ್ರ ಕಾರ್ಯಕ್ರಮ ಇತ್ತು. ಸಣ್ಣ ಹಾಲ್, ಮೈಕ್ ಇಲ್ಲದಿದ್ದರೂ ಕೊನೆಯ ಸಾಲಿಗೆ ಕೇಳಿಸುವಂಥದ್ದು. ಅವರೇ ಬರೆದು ರಾಗ ಹಾಕಿದ ಹಾಡುಗಳು, ನಡುನಡುವೆ ಒಂದೆರಡು ಹಳೆಯ ಅಮೆರಿಕನ್ ಜನಪದ ಹಾಡು. ತುಂಬ ಚೆನ್ನಾಗಿ ನಡೆಯಿತು. ಮುಗಿದ ಮೇಲೆ ಹೊರಗೆ ಕಾಫಿ ಕುಡಿಯುತ್ತಾ ನಿಂತಿದ್ದೆವು. ಹಿರಿಯರೊಬ್ಬರು ಬಂದು ಮೇಷ್ಟ್ರ ಕೈ ಹಿಡಿದುಕೊಂಡು ಪ್ರೀತಿಯಿಂದಲೇ ಕೇಳಿದರು: "ಇಷ್ಟು ಚೆನ್ನಾಗಿ ನುಡಿಸ್ತೀರಿ, ಇನ್ನೂ ಯಾಕೆ ಸಾರ್ ಪಾಠ ಹೇಳ್ಕೊಂಡು ಕೂತಿದ್ದೀರಿ?" ಮೇಷ್ಟ್ರು ನಕ್ಕು, ಅವರ ಮೊಮ್ಮಗಳ ವಿಷಯ ಕೇಳಿದರು. ಮಾತು ಬೇರೆ ಕಡೆ ಹೋಯಿತು. ನನ್ನ ತಲೆಯಿಂದ ಮಾತ್ರ ಆ ಪ್ರಶ್ನೆ ಹೋಗಲಿಲ್ಲ.

ಕೇಳಿದವರದ್ದು ತಪ್ಪೇನಿಲ್ಲ. ನಮ್ಮೆಲ್ಲರ ಮನಸ್ಸಿನಲ್ಲೂ ಇರುವ ಲೆಕ್ಕ ಅದೇ ಅಲ್ವಾ? ದೊಡ್ಡ ವೇದಿಕೆ ಸಿಕ್ಕವರು ಗೆದ್ದವರು. ರೆಕಾರ್ಡ್ ಬಂದವರು ಅವರ ಹಿಂದೆ. ಮನೆಯ ಮುಂದಿನ ಕೋಣೆಯಲ್ಲಿ ಸಂಜೆ ನಾಲ್ಕರಿಂದ ಎಂಟರವರೆಗೆ ಮಕ್ಕಳಿಗೆ ಗಿಟಾರಿನ ಕಾರ್ಡ್, ಅಂದರೆ ಒಟ್ಟಿಗೆ ಮೀಟುವ ಸ್ವರಗಳ ಗುಂಪು, ಹಿಡಿಯೋದು ಕಲಿಸುವವರು ಎಲ್ಲರಿಗಿಂತ ಕೆಳಗೆ. ಪಾಠ ಅಂದರೆ ಹೊಟ್ಟೆಪಾಡು, ಕಾರ್ಯಕ್ರಮ ಇಲ್ಲದ ದಿನಗಳಿಗೆ. ನಾಲ್ಕು ಕಡೆ ಹೆಸರಾದರೆ ಬಿಡಬೇಕಾದದ್ದು. ಈ ಲೆಕ್ಕ ಎಲ್ಲೋ ತಪ್ಪಿದೆ ಅಂತ ನನಗೆ ಯಾವತ್ತೂ ಅನಿಸುತ್ತಿತ್ತು. ಯಾಕೆ ಅಂತ ಹೇಳಲು ಬರುತ್ತಿರಲಿಲ್ಲ. ಈಗ ಹೇಳಬಲ್ಲೆ, ಆದರೆ ಅದಕ್ಕೆ ನನಗೆ ರೆವರೆಂಡ್ ಗ್ಯಾರಿ ಡೇವಿಸ್ ಬೇಕು.

ಗಿಟಾರ್‌ನಲ್ಲಿ ಬೆರಳಿನಿಂದ ಮೀಟಿ ನುಡಿಸುವ ಶೈಲಿ ಕಲಿಯುವ ಯಾರಾದರೂ ಇವತ್ತಲ್ಲ ನಾಳೆ ಈ ಹೆಸರಿಗೆ ಬಂದು ನಿಲ್ಲುತ್ತಾರೆ. 1896ರಲ್ಲಿ ಅಮೆರಿಕದ ಸೌತ್ ಕ್ಯಾರೊಲೈನಾದ ಲಾರೆನ್ಸ್ ಎಂಬಲ್ಲಿ, ಬಡ ಕಪ್ಪು ಕುಟುಂಬದಲ್ಲಿ ಹುಟ್ಟಿದವರು. ಹಸುಗೂಸಾಗಿದ್ದಾಗಲೇ ಕಣ್ಣು ಹೋಯಿತು. ಬೆಳೆಸಿದ್ದು ಅಜ್ಜಿ. ಮುಂದೆ ಯಾವಾಗಲೋ ಹಿಮದ ಮೇಲೆ ಜಾರಿಬಿದ್ದು ಎಡಗೈ ಮಣಿಕಟ್ಟು ಮುರಿಯಿತು, ಮೂಳೆ ನೆಟ್ಟಗೆ ಕೂಡಲಿಲ್ಲ. ಆ ಸೊಟ್ಟ ಕೈಯಲ್ಲೇ ಬೇರೆ ಯಾರೂ ಹಿಡಿಯದ ರೀತಿಯಲ್ಲಿ ಕಾರ್ಡ್ ಹಿಡಿಯುತ್ತಿದ್ದರು. ಬಲಗೈಯಲ್ಲಿ ಎರಡೇ ಬೆರಳು, ಹೆಬ್ಬೆರಳು ಮತ್ತು ತೋರುಬೆರಳು. ಉಳಿದ ಮೂರಕ್ಕೆ ಕೆಲಸವೇ ಇಲ್ಲ. ಆ ಎರಡು ಬೆರಳಲ್ಲಿ ಬಾಸ್ ಅನ್ನುವ ತಗ್ಗಿನ ದನಿ, ನಡುವಿನ ದನಿ, ಮೇಲಿನ ರಾಗ ಮೂರನ್ನೂ ಒಟ್ಟಿಗೆ ಎಬ್ಬಿಸುತ್ತಿದ್ದರು. ಮೊದಲ ಸಲ ಕೇಳಿದಾಗ ಇಬ್ಬರು ನುಡಿಸುತ್ತಿದ್ದಾರೆ ಅಂತಲೇ ಅಂದುಕೊಂಡಿದ್ದೆ.

ಡರ್ಹಮ್‌ನ ಶಿಷ್ಯ

ಅವರು ಕಲಿಸಲು ಶುರುಮಾಡಿದ್ದು ಮುಪ್ಪಿನಲ್ಲಿ, ಕೈಲಾಗದೆ, ಅನ್ನುವ ಭಾವನೆ ಇದ್ದರೆ ಅದನ್ನು ಮೊದಲು ಬಿಡಬೇಕು. 1930ರ ಹೊತ್ತಿಗೆ ಅವರು ನಾರ್ತ್ ಕ್ಯಾರೊಲೈನಾದ ಡರ್ಹಮ್‌ನಲ್ಲಿದ್ದರು. ತಂಬಾಕಿನ ಊರು. ಗೋದಾಮು, ಕಾರ್ಖಾನೆಗಳ ಹತ್ತಿರ ಸಂಬಳದ ದಿನ ಕೂಲಿಯವರು ಹೊರಗೆ ಬರುವಾಗ ರಸ್ತೆ ಬದಿ ನಿಂತು ಹಾಡಿದರೆ ನಾಲ್ಕು ಕಾಸು ಬೀಳುತ್ತಿತ್ತು. ಅಲ್ಲೇ ಇನ್ನೊಬ್ಬ ಕುರುಡು ಹಾಡುಗಾರ ಇದ್ದ, ಬ್ಲೈಂಡ್ ಬಾಯ್ ಫುಲ್ಲರ್. ವಯಸ್ಸಿನಲ್ಲಿ ಚಿಕ್ಕವನು. ಅವನ ಕೈ ತಿದ್ದಿದ್ದು ಡೇವಿಸ್. 1935ರಲ್ಲಿ ಅಂಗಡಿ ಮ್ಯಾನೇಜರ್ ಜೆ.ಬಿ. ಲಾಂಗ್ ಇಬ್ಬರನ್ನೂ ನ್ಯೂಯಾರ್ಕಿಗೆ ಕರೆದುಕೊಂಡು ಹೋಗಿ ರೆಕಾರ್ಡ್ ಮಾಡಿಸಿದರು. ಶಿಷ್ಯನ ಬ್ಲೂಸ್, ಅಂದರೆ ಕಪ್ಪು ಜನರ ಲೌಕಿಕ ಹಾಡುಗಳ, ರೆಕಾರ್ಡ್‌ಗಳು ಮಾರಾಟವಾದವು. ಮುಂದಿನ ಕೆಲವೇ ವರ್ಷಗಳಲ್ಲಿ ಅವನು ನೂರಕ್ಕೂ ಹೆಚ್ಚು ಹಾಡು ರೆಕಾರ್ಡ್ ಮಾಡಿದ. 1941ರಲ್ಲಿ ತೀರಿಹೋದ.

ಗುರು ಏನು ಮಾಡಿದರು? ಆ ಸ್ಟುಡಿಯೋದಲ್ಲಿ ಮೊದಲು ಎರಡು ಬ್ಲೂಸ್ ಹಾಡಿದರು. ಇನ್ನು ಮುಂದೆ ದೇವರ ಹಾಡು ಮಾತ್ರ ಅಂತ ಕೂತುಬಿಟ್ಟರು. ಕೊಟ್ಟ ಹಣದ ಬಗ್ಗೆಯೂ ಅಸಮಾಧಾನ ಇತ್ತು. ಆಮೇಲೆ ಎಷ್ಟೋ ವರ್ಷ ರೆಕಾರ್ಡಿಂಗ್ ಕಡೆ ತಲೆ ಹಾಕಲಿಲ್ಲ. ಅಷ್ಟರಲ್ಲಿ ಬ್ಯಾಪ್ಟಿಸ್ಟ್ ಪಾದ್ರಿಯೂ ಆಗಿದ್ದರು. ನಮ್ಮ ಮಾಮೂಲಿ ಲೆಕ್ಕದಲ್ಲಿ ನೋಡಿದರೆ ಇದು ಮುಗಿದುಹೋದ ಕತೆ. ಶಿಷ್ಯ ಹೆಸರು ಮಾಡಿದ, ಗುರು ರಸ್ತೆಯಲ್ಲೇ ಉಳಿದ. ಆದರೆ ಇದರಲ್ಲಿ ನನಗೆ ಕಾಣುವುದೇ ಬೇರೆ. ರೆಕಾರ್ಡ್ ಕಂಪನಿ ಬೇಡ ಅಂದ ಮನುಷ್ಯ ಪಾಠ ಬೇಡ ಅನ್ನಲಿಲ್ಲ. ಅದನ್ನು ಇನ್ನೂ ಮೂವತ್ತು ವರ್ಷಕ್ಕೂ ಜಾಸ್ತಿ ಮಾಡಿದರು.

ಬ್ರಾಂಕ್ಸ್‌ನ ಮನೆ

1940ರ ದಶಕದಲ್ಲಿ ಹೆಂಡತಿ ಆ್ಯನಿಯ ಜೊತೆ ನ್ಯೂಯಾರ್ಕಿಗೆ ಬಂದರು. ಹಗಲು ಅಲ್ಲಿನ ಕಪ್ಪು ಜನರ ಬಡಾವಣೆ ಹಾರ್ಲೆಮ್‌ನ ಬೀದಿಗಳಲ್ಲಿ ಹಾಡು, ಉಪದೇಶ. ಪೊಲೀಸರ ಕಾಟ, ಗಿಟಾರ್ ಕಳ್ಳರ ಕಾಟ ಎರಡೂ ಇತ್ತು. ಅವರ ಗಿಟಾರ್ ದೊಡ್ಡ ಹೊಟ್ಟೆಯ ಗಿಬ್ಸನ್ ಜೆ-200. ಅದನ್ನು "ಮಿಸ್ ಗಿಬ್ಸನ್" ಅಂತ ಕರೆಯುತ್ತಿದ್ದರು. 1950ರ ದಶಕದ ಕೊನೆಯಲ್ಲಿ ಅಮೆರಿಕದ ಕಾಲೇಜು ಹುಡುಗರಿಗೆ ಜನಪದ ಹಾಡಿನ ಹುಚ್ಚು ಹಿಡಿಯಿತು. ಬ್ರೂಕ್ಲಿನ್ನಿನಿಂದ, ಗ್ರೀನಿಚ್ ವಿಲೇಜಿನಿಂದ ಒಬ್ಬೊಬ್ಬರಾಗಿ ಗಿಟಾರ್ ಹೊತ್ತುಕೊಂಡು ಬ್ರಾಂಕ್ಸ್‌ನಲ್ಲಿದ್ದ ಅವರ ಮನೆ ಹುಡುಕಿಕೊಂಡು ಬರತೊಡಗಿದರು. ಫೀಸು ಐದು ಡಾಲರ್.

ಐದು ಡಾಲರ್ ಒಂದು ಪಾಠಕ್ಕೆ. ಗಂಟೆಗೆ ಅಲ್ಲ. ಪಾಠ ಯಾವಾಗ ಮುಗಿಯುತ್ತದೆ ಅನ್ನೋದಕ್ಕೆ ಗಡಿಯಾರವೇ ಇರಲಿಲ್ಲ. ಬೆಳಿಗ್ಗೆ ಬಂದ ಹುಡುಗ ಸಂಜೆವರೆಗೂ ಕೂತಿರುತ್ತಿದ್ದ. ಆ್ಯನಿಯವರು ಊಟಕ್ಕೆ ಹಾಕುತ್ತಿದ್ದರು. ಸ್ಟೆಫನ್ ಗ್ರಾಸ್‌ಮನ್ ಹದಿನೈದನೇ ವಯಸ್ಸಿಗೆ ಹೋಗಿ ಸೇರಿಕೊಂಡರು, ಟೇಪ್ ರೆಕಾರ್ಡರ್ ತೆಗೆದುಕೊಂಡು ಹೋಗಿ ಪಾಠಗಳನ್ನು ಹಿಡಿದಿಟ್ಟರು. ಡೇವ್ ವ್ಯಾನ್ ರಾಂಕ್ ಬಂದರು. ಡೇವಿಡ್ ಬ್ರಾಂಬರ್ಗ್, ಲ್ಯಾರಿ ಜಾನ್ಸನ್, ರಾಯ್ ಬುಕ್ ಬೈಂಡರ್, ಅರ್ನಿ ಹಾಕಿನ್ಸ್, ವುಡಿ ಮಾನ್ ಬಂದರು. ಗ್ರೇಟ್‌ಫುಲ್ ಡೆಡ್ ತಂಡದ ಬಾಬ್ ವೇರ್ ಕೂಡ ಪಾಠ ಹೇಳಿಸಿಕೊಂಡರು. ಕಣ್ಣಿಲ್ಲದ ಗುರುವಿನ ಕೈ ಹಿಡಿದು ಚರ್ಚಿಗೆ, ಕಾರ್ಯಕ್ರಮಕ್ಕೆ ಕರೆದುಕೊಂಡು ಹೋಗುವುದೂ ಕೆಲವರ ಪಾಠದ ಭಾಗವೇ ಆಗಿತ್ತು.

ಕಣ್ಣಿಲ್ಲದವರು ಕಣ್ಣಿದ್ದವರಿಗೆ ಗಿಟಾರ್ ಕಲಿಸೋದು ಹೇಗೆ ಅಂತ ನನಗೆ ಬಹಳ ಕುತೂಹಲ ಇತ್ತು. ಅದಕ್ಕೆ ಉತ್ತರ ಸಿಕ್ಕಿದ್ದು ನಮ್ಮ ಮೇಷ್ಟ್ರ ಕೋಣೆಯಲ್ಲಿ.

ಅದು ಒಂದು ಬಟ್ಟೆ ಅಂಗಡಿಯ ಮೇಲಿನ ಮಹಡಿ. ಕಿಟಕಿಯ ಕೆಳಗೆ ಬಸ್ಸುಗಳ ಗಲಾಟೆ. ನಾನು "ಕ್ಯಾಂಡಿಮ್ಯಾನ್" ಕಲಿಯಲು ಹೊರಟಿದ್ದೆ. ಡೇವಿಸ್ ಅವರಿಂದ ಅವರ ಶಿಷ್ಯರ ಮೂಲಕ ಜಗತ್ತಿಗೆಲ್ಲ ಹರಡಿದ ಹಾಡು ಅದು. ಟ್ಯಾಬ್, ಅಂದರೆ ಯಾವ ತಂತಿ ಎಲ್ಲಿ ಒತ್ತಬೇಕು ಅಂತ ಬರೆದ ಕಾಗದ, ಮುಂದೆ ಇಟ್ಟುಕೊಂಡಿದ್ದೆ. ಆರು ಗೆರೆ, ಮೇಲೆ ಅಂಕಿಗಳು. ಅಂಕಿ ಹೇಳಿದ ಕಡೆ ಬೆರಳು ಇಟ್ಟರೂ ಹಾಡು ಬರುತ್ತಿರಲಿಲ್ಲ. ಮೇಷ್ಟ್ರು ಎದ್ದು ಕಿಟಕಿಯ ಕಡೆ ಮುಖ ಮಾಡಿ ನಿಂತರು. ನನಗೆ ಬೆನ್ನು. "ಈಗ ನುಡಿಸು" ಅಂದರು. ನುಡಿಸಿದೆ. "ಎರಡನೇ ತಂತಿ ಸತ್ತಿದೆ. ಉಂಗುರ ಬೆರಳು ತಾಗ್ತಿದೆ ನೋಡು, ಎತ್ತು." ಎತ್ತಿದೆ, ದನಿ ಬಿಚ್ಚಿಕೊಂಡಿತು. ಮತ್ತೆ ನುಡಿಸಿದೆ. "ಹೆಬ್ಬೆರಳು ನೆಟ್ಟಗೆ ಹೋಗ್ತಿದೆಯಪ್ಪಾ, ಈ ಹಾಡಲ್ಲಿ ಅದು ತಿರುಗಿ ಬರಬೇಕು" ಅಂದರು.

ಅದೇ ಈ ಹಾಡಿನ ಗುಟ್ಟು. ಸಾಮಾನ್ಯವಾಗಿ ಹೆಬ್ಬೆರಳು ಮೊದಲು ದಪ್ಪ ತಂತಿಯ ತಗ್ಗಿನ ಸ್ವರ ಮೀಟಿ, ಆಮೇಲೆ ಮೇಲಿನ ಸ್ವರಕ್ಕೆ ಹೋಗುತ್ತದೆ. ಕೆಳಗೆ, ಮೇಲೆ, ಕೆಳಗೆ, ಮೇಲೆ. ಇಲ್ಲಿ ಡೇವಿಸ್ ಅದನ್ನು ತಿರುಗಿಸಿದ್ದಾರೆ. ಮೊದಲು ಮೇಲಿನದು, ಆಮೇಲೆ ತಗ್ಗಿನದು. ಕಾಗದದ ಮೇಲೆ ಇದು ಏನೂ ಅಲ್ಲ, ಎರಡು ಅಂಕಿ ಅದಲುಬದಲು. ಕೈಗೆ ಮಾತ್ರ ನಡಿಗೆಯೇ ಬದಲಾದ ಹಾಗೆ. ಕಣ್ಣು ಟ್ಯಾಬ್ ನೋಡುತ್ತಿದ್ದಷ್ಟು ಹೊತ್ತು ನನ್ನ ಕೈ ಹಳೆಯ ದಾರಿಯಲ್ಲೇ ಹೋಗುತ್ತಿತ್ತು. ಮೇಷ್ಟ್ರು ಕಾಗದ ಮಡಚಿ ಇಟ್ಟರು. ಗಿಟಾರ್ ತೆಗೆದುಕೊಂಡು ಬಾಸ್ ಮಾತ್ರ ನುಡಿಸಿದರು, ರಾಗ ಇಲ್ಲದೆ. ನಾನು ಜೊತೆಗೆ ನುಡಿಸಿದೆ. ಸುಮ್ನೆ ಅಷ್ಟೇ, ಬಹಳ ಹೊತ್ತು. ಆಮೇಲೆ ಯಾವಾಗ ಅಂತ ಗೊತ್ತಿಲ್ಲ, ಅವರು ರಾಗ ಸೇರಿಸಿದ್ದರು, ನನ್ನ ಹೆಬ್ಬೆರಳು ತಪ್ಪಲಿಲ್ಲ.

ಡೇವಿಸ್ ಅವರ ಮನೆಯಲ್ಲಿ ನಡೆಯುತ್ತಿದ್ದ ಪಾಠವೂ ಕಿವಿಯಿಂದ ಕೈಗೆ ಹೋಗುವಂಥದ್ದೇ. ಗುರುವಿಗೆ ಶಿಷ್ಯನ ಕೈ ಕಾಣುವುದಿಲ್ಲ. ಆದರೆ ಯಾವ ಬೆರಳು ಎಲ್ಲಿ ಎಡವಿತು ಅಂತ ತಂತಿ ಹೇಳುತ್ತದೆ. ಎಡಗೈ ಹೆಬ್ಬೆರಳನ್ನು ಕೊರಳಿನ ಮೇಲಿಂದ ತಂದು ಆರನೇ ತಂತಿ ಒತ್ತುವುದು ಡೇವಿಸ್ ಅವರ ಅಭ್ಯಾಸ. ಕ್ಲಾಸಿಕಲ್ ಗಿಟಾರ್ ಕಲಿಸುವವರು ಇದನ್ನು ಒಪ್ಪುವುದಿಲ್ಲ, ಹೆಬ್ಬೆರಳು ಹಿಂದೆಯೇ ಇರಬೇಕು ಅನ್ನುತ್ತಾರೆ. ಆದರೆ ಡೇವಿಸ್ ಅವರ ಎಫ್ ಕಾರ್ಡ್ ಹಾಗೆ ಹಿಡಿದು ನೋಡಿ. ಉಳಿದ ನಾಲ್ಕು ಬೆರಳಿಗೆ ಎಷ್ಟು ಜಾಗ ಸಿಗುತ್ತದೆ! ಕೈ ಹಾಗೆ ಹಿಡಿಯೋದು ಯಾಕೆ ಅನ್ನೋದು ಆಗ ಗೊತ್ತಾಗುತ್ತದೆ.

ಹಾಡದ ಹಾಡುಗಳು

ಈಗ ನಾನು ಹೇಳಬೇಕೆಂದಿದ್ದ ಮುಖ್ಯ ವಿಷಯಕ್ಕೆ ಬರುತ್ತೇನೆ.

ಪಾದ್ರಿ ಆದ ಮೇಲೆ ಡೇವಿಸ್ ಬ್ಲೂಸ್ ಹಾಡುವುದಕ್ಕೆ ಹಿಂಜರಿಯುತ್ತಿದ್ದರು. ಅದು ದೇವರ ಸಂಗೀತ ಅಲ್ಲ ಅನ್ನುವ ನಂಬಿಕೆ. ಆ್ಯನಿಯವರಿಗಂತೂ ಅದು ಬೇಡವೇ ಬೇಡ. ಹಾಗಾಗಿ ವೇದಿಕೆ, ರೆಕಾರ್ಡ್‌ಗಳಲ್ಲಿ ಬಹುಪಾಲು ಭಕ್ತಿಯ ಹಾಡುಗಳೇ. 1960ರಲ್ಲಿ ಬಂದ "ಹಾರ್ಲೆಮ್ ಸ್ಟ್ರೀಟ್ ಸಿಂಗರ್" ರೆಕಾರ್ಡ್ ಕೇಳಿ, ಅದು ಗಿಟಾರ್ ಹಿಡಿದ ಪಾದ್ರಿಯ ಸಂಗೀತ. ಆದರೆ ಹರೆಯದಲ್ಲಿ ಕಲಿತ ಬ್ಲೂಸ್, ರ‍್ಯಾಗ್‌ಟೈಮ್, ಕುಣಿತದ ಮಟ್ಟುಗಳು, ಜಾತ್ರೆ ಬೀದಿಗಳಲ್ಲಿ ನುಡಿಸುತ್ತಿದ್ದ ಪೋಲಿ ಹಾಡುಗಳು, ಇವೆಲ್ಲ ಎಲ್ಲಿ ಹೋದವು? ಕೈಯಲ್ಲಿ ಹಾಗೇ ಇದ್ದವು. ಶಿಷ್ಯ ಕೇಳಿದರೆ ಕಲಿಸುತ್ತಿದ್ದರು. "ಕೊಕೇನ್ ಬ್ಲೂಸ್" ಅಂಥದ್ದನ್ನು ಹಾಡುವ ಬದಲು ಗಿಟಾರ್ ನುಡಿಸುತ್ತಾ ಮಾತಿನಂತೆ ಹೇಳುತ್ತಿದ್ದರು. ನಂಬಿಕೆಗೂ ಮೋಸವಿಲ್ಲ, ಹಾಡಿಗೂ ಮೋಸವಿಲ್ಲ.

ಯೋಚಿಸಿ. ಅವರು ಪಾಠ ಹೇಳದೆ ಬರೀ ಕಾರ್ಯಕ್ರಮ ಕೊಟ್ಟಿದ್ದರೆ ನಮಗೆ ಅವರ ಸಂಗೀತದ ಒಂದು ಮುಖ ಮಾತ್ರ ಸಿಗುತ್ತಿತ್ತು. ಇನ್ನೊಂದು ಮುಖ ಉಳಿದದ್ದು ಬ್ರಾಂಕ್ಸ್‌ನ ಆ ಕೋಣೆಯಲ್ಲಿ. ವೇದಿಕೆಯಲ್ಲಿ ಕಲಾವಿದ ತಾನು ಯಾರು ಅಂತ ಜನರಿಗೆ ತೋರಿಸಬೇಕಾಗುತ್ತದೆ. ಪಾಠದಲ್ಲಿ ಎದುರಿಗೆ ಇರುವವನು ಒಬ್ಬನೇ. ಅವನು "ಅದನ್ನು ಹೇಗೆ ನುಡಿಸ್ತೀರಿ?" ಅಂತ ಕೇಳುತ್ತಾನೆ, ಗುರು ತೋರಿಸುತ್ತಾರೆ. ಇನ್ನೊಂದು ಸಲ ತೋರಿಸಿ ಅಂದರೆ ಬೇರೆ ರೀತಿ ತೋರಿಸುತ್ತಾರೆ. ರೆಕಾರ್ಡಿನಲ್ಲಿ ಒಂದು ಹಾಡಿಗೆ ಒಂದೇ ರೂಪ. ಪಾಠದಲ್ಲಿ ಅದೇ ಹಾಡಿಗೆ ಹತ್ತು ರೂಪ, ಯಾವುದೂ ಕೊನೆಯದಲ್ಲ.

ಅವರು ಹಾಡು ಕಟ್ಟುತ್ತಿದ್ದ ರೀತಿಯೂ ಹೀಗೆಯೇ. ಬೈಬಲಿನ ಸ್ಯಾಮ್ಸನ್‌ನ ಕತೆಯ ಹಾಡು ಅವರ ಜೀವನದ ದಿಕ್ಕನ್ನೇ ಬದಲಿಸಿತು. 1962ರಲ್ಲಿ ಪೀಟರ್, ಪಾಲ್ ಅಂಡ್ ಮೇರಿ ಎಂಬ ಜನಪದ ಹಾಡಿನ ತಂಡದವರು ತಮ್ಮ ಮೊದಲ ರೆಕಾರ್ಡಿನಲ್ಲಿ ಅದನ್ನು ಹಾಡಿದರು. ಆ ರೆಕಾರ್ಡ್ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಬಂದ ರಾಯಲ್ಟಿಯಿಂದ ಡೇವಿಸ್ ದಂಪತಿ ನ್ಯೂಯಾರ್ಕಿನದೇ ಕ್ವೀನ್ಸ್‌ನ ಜಮೈಕಾ ಬಡಾವಣೆಯಲ್ಲಿ ಸ್ವಂತ ಮನೆ ತೆಗೆದುಕೊಂಡರು. ಆದರೆ ಅದೇ ಹಾಡನ್ನು ಬ್ಲೈಂಡ್ ವಿಲ್ಲಿ ಜಾನ್ಸನ್ ಎಂಬ ಇನ್ನೊಬ್ಬ ಕುರುಡು ಹಾಡುಗಾರರು 1927ರಲ್ಲೇ ರೆಕಾರ್ಡ್ ಮಾಡಿದ್ದರು. ಹಾಡು ನೀವೇ ಬರೆದದ್ದಾ ಅಂದರೆ, ದೇವರು ತನಗೆ ತೋರಿಸಿಕೊಟ್ಟದ್ದು ಅನ್ನುವುದು ಡೇವಿಸ್ ಅವರ ನಿಲುವು. ಕೋರ್ಟು ಕಾಗದಕ್ಕೆ ಈ ಉತ್ತರ ಸಾಲದು ನಿಜ. ಜನಪದ ಹಾಡುಗಾರನ ಮಟ್ಟಿಗೆ ಇದು ತುಂಬ ಪ್ರಾಮಾಣಿಕ ಉತ್ತರ ಅಂತ ನನಗೆ ಅನಿಸುತ್ತದೆ. ಮಾತು ಮೊದಲೇ ಊರಲ್ಲಿತ್ತು. ಗಿಟಾರಿನಲ್ಲಿ ಅದು ಪಡೆದ ರೂಪ, ಸಾಲಿನ ಕೊನೆಯನ್ನು ತಾನು ಹಾಡದೆ ತಂತಿಯ ಕೈಲಿ ಹಾಡಿಸುವ ಆ ಜಾಣತನ, ಅದೆಲ್ಲ ಅವರದ್ದು.

ಮನೆ ಬಂತು, ಹೆಸರು ಬಂತು. 1964ರಲ್ಲಿ ಮಡಿ ವಾಟರ್ಸ್, ಸಿಸ್ಟರ್ ರೊಸೆಟ್ಟಾ ಥಾರ್ಪ್ ಇದ್ದ ತಂಡದ ಜೊತೆ ಬ್ರಿಟನ್ ಪ್ರವಾಸ ಹೋದರು. 1965ರಲ್ಲಿ ನ್ಯೂಪೋರ್ಟ್ ಜನಪದ ಸಂಗೀತ ಉತ್ಸವದಲ್ಲಿ ನುಡಿಸಿದರು. ಪಾಠ ನಿಲ್ಲಲಿಲ್ಲ. ಶಿಷ್ಯರು ಬ್ರಾಂಕ್ಸ್ ಬಿಟ್ಟು ಕ್ವೀನ್ಸ್‌ಗೆ ಬರತೊಡಗಿದರು, ಅಷ್ಟೇ ವ್ಯತ್ಯಾಸ. 1972ರ ಮೇ 5ರಂದು, ನ್ಯೂಜೆರ್ಸಿಯಲ್ಲಿ ಒಂದು ಕಾರ್ಯಕ್ರಮಕ್ಕೆ ಹೋಗುವ ದಾರಿಯಲ್ಲಿ ಹೃದಯಾಘಾತವಾಗಿ ತೀರಿಕೊಂಡರು. 76 ವರ್ಷ.

ಯಾರ ಸಂಗೀತ, ಯಾರ ಕೈ

ಇದರಲ್ಲಿ ಒಂದು ಮುಳ್ಳಿದೆ, ಅದನ್ನು ಹೇಳದೆ ಮುಂದೆ ಹೋಗಬಾರದು. ಬಂದ ಶಿಷ್ಯರಲ್ಲಿ ಹೆಚ್ಚಿನವರು ಬಿಳಿಯ ಹುಡುಗರು. ಲ್ಯಾರಿ ಜಾನ್ಸನ್ ಅವರಂಥ ಕಪ್ಪು ಶಿಷ್ಯರು ಕಡಿಮೆ. ಹಾರ್ಲೆಮ್‌ನ ಹೊಸ ತಲೆಮಾರು ಅಷ್ಟರಲ್ಲಿ ಬೇರೆ ಸಂಗೀತದ ಕಡೆ ಹೋಗಿತ್ತು. ದಶಕಗಳ ಕಾಲ ಬೀದಿಯಲ್ಲಿ ನಿಂತು ಹಾಡಿದ ಕಪ್ಪು ಪಾದ್ರಿಯ ಮಟ್ಟುಗಳು ಬಿಳಿಯ ಹುಡುಗರ ಕೈಗೆ ಹೋಗಿ, ಅವರ ಕಾರ್ಯಕ್ರಮ, ಪುಸ್ತಕ, ರೆಕಾರ್ಡುಗಳಾದವು. ಇದನ್ನು ದೋಚುವಿಕೆ ಅನ್ನುವವರಿದ್ದಾರೆ. ಅಮೆರಿಕದ ಸಂಗೀತದ ಇತಿಹಾಸದಲ್ಲಿ ಕಪ್ಪು ಹಾಡುಗಾರರಿಗೆ ಮೋಸವಾದ ಕತೆಗಳು ಎಷ್ಟಿವೆ ಅಂದರೆ, ಆ ಅನುಮಾನವನ್ನು ಸುಲಭವಾಗಿ ತಳ್ಳಿಹಾಕಲು ಆಗುವುದಿಲ್ಲ.

ಆದರೂ ಪಾಠಕ್ಕೂ ದೋಚುವಿಕೆಗೂ ವ್ಯತ್ಯಾಸ ಇದೆ. 1935ರ ರೆಕಾರ್ಡಿಂಗ್‌ನಲ್ಲಿ ಷರತ್ತು ಹಾಕಿದ್ದು ಕಂಪನಿ. ಬ್ರಾಂಕ್ಸ್‌ನಲ್ಲಿ ಷರತ್ತು ಡೇವಿಸ್ ಅವರದ್ದು. ಎಷ್ಟು ಕೊಡಬೇಕು, ಏನು ಕಲಿಯಬೇಕು, ಯಾವಾಗ ಎದ್ದು ಹೋಗಬೇಕು, ಎಲ್ಲ ಅವರೇ ಹೇಳುತ್ತಿದ್ದರು. ಕಲಿತವರು ಗುರುವಿನ ಹೆಸರನ್ನು ಬಿಡಲಿಲ್ಲ. ಗ್ರಾಸ್‌ಮನ್ ಜೀವನವಿಡೀ ಅವರ ಮಟ್ಟುಗಳನ್ನು ಟ್ಯಾಬ್ ಮಾಡಿ, ಪಾಠ ಮಾಡಿ ಹಂಚಿದರು. ನನ್ನ ಮುಂದೆ ಇದ್ದ ಆ ಆರು ಗೆರೆಯ ಕಾಗದ ಬಂದದ್ದೂ ಆ ದಾರಿಯಲ್ಲೇ. ಇಯಾನ್ ಬುಕ್ಯಾನನ್ ಎಂಬ ಗಿಟಾರ್‌ವಾದಕರು ಡೇವಿಸ್ ಅವರ ಶೈಲಿ ಕಲಿತು, ಓಹಾಯೋದ ಆಂಟಿಯಾಕ್ ಕಾಲೇಜಿನಲ್ಲಿ ಯೋರ್ಮಾ ಕಾಕೊನೆನ್‌ಗೆ ಕಲಿಸಿದರು. ಕಾಕೊನೆನ್ ಮುಂದೆ ಜೆಫರ್ಸನ್ ಏರ್‌ಪ್ಲೇನ್ ಎಂಬ ರಾಕ್ ತಂಡದಲ್ಲಿ ದೊಡ್ಡ ಹೆಸರು ಮಾಡಿದರು. 1970ರಲ್ಲಿ ಬಂದ, ಅವರ ಇನ್ನೊಂದು ತಂಡ ಹಾಟ್ ಟ್ಯೂನಾದ ಮೊದಲ ರೆಕಾರ್ಡಿನಲ್ಲಿ ಡೇವಿಸ್ ಅವರ ಹಾಡುಗಳಿವೆ. ಇಷ್ಟೆಲ್ಲ ಆದ ಮೇಲೆ ಕಾಕೊನೆನ್ ಮಾಡಿದ್ದೇನು? ಓಹಾಯೋದ ಹಳ್ಳಿಗಾಡಿನಲ್ಲಿ ಫರ್ ಪೀಸ್ ರ‍್ಯಾಂಚ್ ಅಂತ ಗಿಟಾರ್ ಶಾಲೆ ಕಟ್ಟಿ ಪಾಠ ಹೇಳಲು ಕೂತರು. ದೊಡ್ಡ ವೇದಿಕೆಗಳನ್ನೆಲ್ಲ ನೋಡಿದ ಮನುಷ್ಯ. ಯಾರೂ ಬಲವಂತ ಮಾಡಿರಲಿಲ್ಲ.

ಡೇವಿಸ್ ಅವರನ್ನು ಇನ್ನೂ ಕೇಳದವರಿಗೆ ಒಂದು ಮಾತು. ಮೊದಲು "ಹಾರ್ಲೆಮ್ ಸ್ಟ್ರೀಟ್ ಸಿಂಗರ್" ಕೇಳಿ. ಅದು ಒಳ್ಳೆಯ ಸ್ಟುಡಿಯೋದಲ್ಲಿ ಆದದ್ದು, ದನಿ ಸ್ಪಷ್ಟ, ಗಿಟಾರ್ ಎದುರಿಗೇ ಕೂತ ಹಾಗೆ ಕೇಳಿಸುತ್ತದೆ. ಆಮೇಲೆ ಗ್ರಾಸ್‌ಮನ್ 1962ರಿಂದ 1967ರವರೆಗೆ ಗುರುವಿನ ಮನೆಯಲ್ಲಿ, ಚರ್ಚಿನಲ್ಲಿ ಟೇಪ್ ಮಾಡಿದ್ದನ್ನು ಹುಡುಕಿ ಕೇಳಿ. ಅಲ್ಲಿ ದನಿ ಅಷ್ಟು ಚೆನ್ನಾಗಿಲ್ಲ. ಆದರೆ ಅವರ ಕೈ ಸ್ಟುಡಿಯೋದಲ್ಲಿ ಇದ್ದುದಕ್ಕಿಂತ ಜಾಸ್ತಿ ಸಲೀಸಾಗಿದೆ. ಗಿಟಾರ್ ಕಲಿಯುವವರಾದರೆ "ಕ್ಯಾಂಡಿಮ್ಯಾನ್"ನಿಂದ ಶುರುಮಾಡಿ. ಟ್ಯಾಬ್ ಸುಲಭವಾಗಿ ಸಿಗುತ್ತದೆ. ಆದರೆ ಹೆಬ್ಬೆರಳಿನ ವಿಷಯಕ್ಕೆ, ಹತ್ತಿರದಲ್ಲಿ ಯಾರಾದರೂ ಕಲಿಸುವವರಿದ್ದರೆ ಅವರ ಮುಂದೆ ಹೋಗಿ ಕೂತುಕೊಳ್ಳಿ.